ಹತ್ತು ತಿದಿಯ ಹೊತ್ತು

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕದ್ದನ್ನು ಹೇಳುವುದು ಸುಲಭ. ಹಲ್ಲಿ ಲೊಚಗುಟ್ಟಿದರೆ ಕೈಯಲ್ಲಿದ್ದ ಕೆಲಸ ಬಿಡುವವಳು, ಬಸ್ಸು ಹೊಳೆಯ ಸೇತುವೆ ದಾಟಿ ಮುಗಿಯುವವರೆಗೂ ಕಣ್ಣು ಮುಚ್ಚಿಕೊಳ್ಳುವವಳು. ನನ್ನ ಗಂಡ ಇದನ್ನು ಕುಲುಮೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. "ಇವ್ಳಂಗೆ ಎದರ್ಕಂಡು ಕುಂತ್ರೆ ಒಲೆ ಅಚ್ಚಕಾಗಕಿಲ್ಲ ಕಣ್ರಪ್ಪ" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈಯುರಿಯುತ್ತಿತ್ತು. ಹೆದರುವವರೇ ಇಲ್ಲದ ಮನೆಯಲ್ಲಿ ಒಲೆ ಹಚ್ಚುವುದು ಸುಲಭ, ಆರಿಸುವುದಕ್ಕೆ ಯಾರಿಗೂ ನೆನಪಿರುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ನಮ್ಮ ಕುಲುಮೆ ಇದ್ದದ್ದು ಕೊಳ್ಳೇಗಾಲದಲ್ಲಿ. ನಮ್ಮ ಸೀಮೆ ಮದರಾಸಿನಿಂದ ಮೈಸೂರಿಗೆ ಸೇರಿದ ವರ್ಷವೇ ನಾನೂ ತೌರಿನಿಂದ ಈ ಮನೆಗೆ ಸೇರಿದ್ದು. ಆಚಾರಿಗಳ ಮನೆಗೆ ಬಂದ ಸೊಸೆ ಮೊದಲು ಹಿಡಿಯುವುದು ಸೌಟನ್ನಲ್ಲ, ತಿದಿಯನ್ನು. ಚರ್ಮದ ಆ ತಿದಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬೆಂಕಿಗೆ ಗಾಳಿ ಊದುವುದು ನಮ್ಮಲ್ಲಿ ಹೆಂಗಸರ ಕೆಲಸ. ಕುಲುಮೆಯಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನೇಗಿಲ ಗುಳ ಕೆಂಪಾಗಲು ಇಷ್ಟು ತಿದಿ, ಕುಡುಗೋಲು ಹದಕ್ಕೆ ಬರಲು ಇಷ್ಟು ತಿದಿ ಎಂದು ಅತ್ತೆ ಕಲಿಸಿದ್ದರು. ಹೊತ್ತನ್ನು ಅಳೆಯುವ ಬೇರೆ ದಾರಿ ನನಗೆ ಇವತ್ತಿಗೂ ಗೊತ್ತಿಲ್ಲ. ಹಾಲು ಉಕ್ಕುವುದನ್ನು ಕಾಯುವಾಗಲೂ ನನ್ನ ಬಲಗೈ ತನ್ನಷ್ಟಕ್ಕೆ ತಾನು ಒತ್ತಿ ಬಿಡುತ್ತಿರುತ್ತದೆ.

ಹೀಗಿರುವಾಗ, ನನ್ನ ದೊಡ್ಡ ಮಗಳು ಸ್ಕೂಲಿಗೆ ಹೋಗುವ ಕಾಲಕ್ಕೆ, ಈರೋಡಿನ ಕಡೆಯಿಂದ ಹಳೆಯ ವೆಲ್ಡಿಂಗ್ ಮಿಷನ್ ಒಂದು ನಮ್ಮ ಮನೆಗೆ ಬಂತು. ಒಂದು ಡೀಸೆಲ್ ಎಂಜಿನ್, ಅದು ತಿರುಗಿಸುವ ಒಂದು ಡೈನಮೋ, ಎರಡನ್ನೂ ಕಬ್ಬಿಣದ ಚೌಕಟ್ಟಿಗೆ ಬಿಗಿದಿದ್ದರು. ಎತ್ತಿನ ಗಾಡಿಗೆ ಹೇರಿಕೊಂಡರೆ ಎಲ್ಲಿಗೆ ಬೇಕಾದರೂ ಹೋಗಬಹುದು. ಆಗ ಹೊಲಗದ್ದೆಗಳ ಕಡೆಗಿರಲಿ, ಎಷ್ಟೋ ಊರುಗಳಿಗೇ ಕರೆಂಟಿನ ಕಂಬ ಬಂದಿರಲಿಲ್ಲ. ಕಂಬವಿಲ್ಲದ ಕಡೆ ಕರೆಂಟು ಹುಟ್ಟಿಸಿ ಕಬ್ಬಿಣಕ್ಕೆ ಕಬ್ಬಿಣ ಅಂಟಿಸುವವರು ಎಂದು ನಮಗೆ ಹನೂರಿನಿಂದ ಯಳಂದೂರಿನವರೆಗೂ ಹೆಸರಾಯಿತು.

ಮಿಷನ್ ಮಾರಿದಾತ ಎರಡು ದಿನ ನಮ್ಮಲ್ಲೇ ಉಳಿದು ಹೇಳಿಕೊಟ್ಟ. ನೀರಿಗೆ ತಣ್ಣಿ ಎನ್ನುತ್ತಿದ್ದ ತಮಿಳಿನವನು, ಆದರೂ ಅವನ ಮಾತು ನನಗೆ ಚೆನ್ನಾಗಿ ನಾಟಿತು. "ತಣ್ಣಿ ಇರೋ ಕಡೆ ಇದ ತರ್ಬೇಡಮ್ಮ. ಕಾಲಿಗೆ ಬೂಟು, ಕೈಗೆ ಒಣಗಿದ ಗ್ಲೌಸು ಬೇಕೇ ಬೇಕು. ಕಂಬದ ಕರೆಂಟು ಒಂದೊಂದ್ಸಲ ತಳ್ಳಿ ಬಿಸಾಕ್ತದೆ. ಇದು ಇಡ್ಕಂಡ್ರೆ ಬುಡಕಿಲ್ಲ" ಎಂದ. ನನ್ನ ಗಂಡ ತಲೆಯಾಡಿಸಿದರು. ಅವನು ಬಸ್ಸು ಹತ್ತಿದ ಮೇಲೆ ನಕ್ಕರು. ಕಂಬದ ಕರೆಂಟಿಗೆ ದಯೆಯಿಲ್ಲ, ಅದು ಎಲ್ಲಿಂದಲೋ ಬರುವುದು, ಇದು ನಮ್ಮ ಡೀಸೆಲ್ ಕುಡಿದು ನಮ್ಮ ಎಂಜಿನ್ನಿನಲ್ಲಿ ಹುಟ್ಟಿದ್ದು ಎಂಬುದು ಅವರ ನಂಬಿಕೆ. ಅವರೊಬ್ಬರದ್ದಲ್ಲ, ಸುತ್ತಮುತ್ತ ಎಲ್ಲರದ್ದೂ ಅದೇ ಮಾತು. "ಸಾಕಿದ್ ನಾಯಿ ಕಚ್ಚದಾ?" ಎನ್ನುತ್ತಿದ್ದರು. ಸಾಕಿದ ನಾಯಿಯಿಂದ ಕಚ್ಚಿಸಿಕೊಂಡವರು ನಮ್ಮ ಬೀದಿಯಲ್ಲೇ ಇಬ್ಬರಿದ್ದರು.

ತಿದಿ ಒತ್ತುತ್ತಿದ್ದವಳು ನಾನು, ಹಾಗಾಗಿ ಎಂಜಿನ್ ಕೂಡ ನನ್ನ ಪಾಲಿಗೇ ಬಂತು. ಹ್ಯಾಂಡ್ಲು ಹಾಕಿ ತಿರುಗಿಸಿ ಚಾಲೂ ಮಾಡುವುದು, ಡೀಸೆಲ್ ನೋಡಿಕೊಳ್ಳುವುದು, ಲಿವರ್ ಎಳೆದು ನಿಲ್ಲಿಸುವುದು. ಡೈನಮೋ ಮೇಲೊಂದು ಸ್ವಿಚ್ಚಿತ್ತು, ಬಂದ ತಿಂಗಳಲ್ಲೇ ಮುರಿಯಿತು. ಮುಂದಿನ ವಾರ ತರಿಸ್ತೀನಿ, ಸಂಕ್ರಾಂತಿ ಕಳೀಲಿ ಎಂದುಕೊಂಡೇ ನನ್ನ ಗಂಡ ಕಾಲ ಕಳೆದರು. ಹೀಗಾಗಿ ಕರೆಂಟು ನಿಲ್ಲಬೇಕೆಂದರೆ ಎಂಜಿನ್ನೇ ನಿಲ್ಲಬೇಕು. ಅದೂ ಎಳೆದ ತಕ್ಷಣ ನಿಲ್ಲುವುದಲ್ಲ. ಅದರ ದೊಡ್ಡ ಗಾಲಿ ತನ್ನ ಭಾರಕ್ಕೇ ಇನ್ನೂ ತಿರುಗುತ್ತಿರುತ್ತದೆ. ಲಿವರ್ ಎಳೆದ ಮೇಲೆ ನಾಲ್ಕು ತಿದಿಯ ಹೊತ್ತು ವೈರಿನಲ್ಲಿ ಜೀವ ಇರುತ್ತಿತ್ತು. ನಾನು ಎಣಿಸಿ ನೋಡಿದ್ದೆ.

ಎಂಜಿನ್ನಿನ ದನಿಯನ್ನೂ ಕಲಿತೆ. ಅವರು ಬೆಸುಗೆಯ ರಾಡು ತಾಗಿಸಿ ಕಿಡಿ ಎಬ್ಬಿಸಿದರೆ ಎಂಜಿನ್ನಿಗೆ ಭಾರ ಬಿದ್ದು ದನಿ ದಪ್ಪಗಾಗುತ್ತದೆ. ರಾಡು ಕರಗಿ ಮುಗಿದು ಕೈ ಎತ್ತಿದರೆ ಹಗುರಾಗುತ್ತದೆ. ಹೊಸ ರಾಡು ಸಿಕ್ಕಿಸಲು ಅವರಿಗೆ ಆರು ತಿದಿಯ ಹೊತ್ತು ಸಾಕು. ಹಗುರದ ದನಿ ಹತ್ತು ತಿದಿ ದಾಟಿದರೆ ಏನೋ ಆಗಿದೆ ಎಂದು ನಾನೇ ಒಂದು ಗಡಿ ಹಾಕಿಕೊಂಡಿದ್ದೆ. ಹಾಗೆ ದಾಟಿದಾಗ ಎರಡು ಸಲ ಲಿವರ್ ಎಳೆದೂ ಇದ್ದೆ. ಒಂದು ಸಲ ಅವರು ಬೀಡಿ ಹಚ್ಚಿಕೊಳ್ಳುತ್ತಿದ್ದರು. ಇನ್ನೊಂದು ಸಲ ಹನೂರಿನಲ್ಲಿ, ಒಂದು ಗಿರಣಿಯ ಗೇಟಿನ ಕೆಲಸ, ಗೋಡೆಯ ಹಿಂದಕ್ಕೆ ಉಚ್ಚೆಗೆ ಹೋಗಿದ್ದರು. ಅಲ್ಲಿ ನೆರೆದಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಷ್ಟು ಜನರ ಮುಂದೆ ನನ್ನ ಗಂಡ, "ಇನ್ನೊಂದ್ಸಲ ನಾನ್ ಕೂಗ್ದೆ ನಿಲ್ಸುದ್ರೆ ನಿನ್ನ ತೌರಿಗೆ ಬುಟ್ಬುಟ್ ಬತ್ತೀನಿ" ಎಂದು ರೇಗಿದರು. ಕರೆಂಟು ಹಿಡಿದವನು ಹೇಗೆ ಕೂಗುತ್ತಾನೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ, ಆಗಲಿ ಎಂದೆ.

ಇದಾದ ಸ್ವಲ್ಪ ದಿನಕ್ಕೆ ಮಾಂಬಳ್ಳಿ ಕಡೆಯ ಒಂದು ಆಲೆಮನೆಯಿಂದ ನಸುಕಿನಲ್ಲೇ ಸೈಕಲ್ಲಿನಲ್ಲಿ ಆಳು ಬಂದ. ಬೆಲ್ಲ ಕಾಯಿಸುವ ಕಬ್ಬಿಣದ ಕೊಪ್ಪರಿಗೆ ತಳದ ಬೆಸುಗೆಯಲ್ಲಿ ಬಿರುಕು ಬಿಟ್ಟಿದೆ, ಆ ವರ್ಷದ ಮೊದಲ ಪಾಕಕ್ಕೆ ಹಿಂಡಿದ ಕಬ್ಬಿನ ಹಾಲು ಪೀಪಾಯಿಗಳಲ್ಲಿ ತುಂಬಿದೆ, ಸಂಜೆಯೊಳಗೆ ಒಲೆ ಏರದಿದ್ದರೆ ಎಲ್ಲ ಹುಳಿಯಾಗುತ್ತದೆ ಎಂದ. ಕೊಪ್ಪರಿಗೆಯನ್ನು ಒಲೆಗೆ ಮಣ್ಣುಹಾಕಿ ಕೂರಿಸಿದ್ದರು. ಕಿತ್ತರೆ ಒಲೆಯೇ ಕುಸಿಯುತ್ತದೆ. ನಾವೇ ಗಾಡಿ ಕಟ್ಟಿಕೊಂಡು ಹೋದೆವು. ತಲುಪಿದಾಗ ಬಿಸಿಲು ಏರುತ್ತಿತ್ತು.

ಆಲೆಮನೆಯ ಯಜಮಾನಿಕೆ ಒಬ್ಬ ಮುದುಕಿಯದು. ವಿಭೂತಿ ಬಳಿದ ಹಣೆ, ಕೊರಳಲ್ಲಿ ಲಿಂಗ, ಕೋಲು ಹಿಡಿದು ನಡೆದರೂ ದನಿ ಮಾತ್ರ ಗಟ್ಟಿ. ಆಳುಗಳೆಲ್ಲ ಆಕೆಯನ್ನು ಅವ್ವ ಎನ್ನುತ್ತಿದ್ದರು. ಮೊದಲ ಪಾಕದ ಬೆಲ್ಲ ಬೆಟ್ಟದ ಮಾದಪ್ಪನಿಗೆ ಮೀಸಲು, ಅದು ಹೋಗುವವರೆಗೂ ಆಲೆಮನೆ ಗುಡಿಯ ಲೆಕ್ಕ. ಆಕೆ ಗಾಡಿಯ ಹತ್ತಿರವೇ ಬಂದು ನಿಂತು ನನ್ನ ಗಂಡನ ಕಾಲು ನೋಡಿದರು.

"ಅಚಾರಪ್ಪ, ಚರ್ಮ ಒಳಕ್ ಬರಂಗಿಲ್ಲ. ಬೂಟ ಬುಡು. ಕೈಚೀಲನೂ ಬುಡು. ಕೊಪ್ಪರಿಗೆಗೆ ಇಳಿಯೋರು ಮಿಂದು ಒದ್ದೆ ಪಂಚೇಲೇ ಇಳೀಬೇಕು" ಎಂದರು. ಕೈಚೀಲ ಎಂದದ್ದು ಚರ್ಮದ ಗ್ಲೌಸಿಗೆ.

ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದರು. "ಒರಗಾಗಿದ್ದೀಯೇನವ್ವ?"

ಆಗಿದ್ದೆ. ಮುಟ್ಟಿನ ಎರಡನೆಯ ದಿನ. ಇಲ್ಲ ಎಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮಾದಪ್ಪನ ಮೀಸಲಿನ ಮುಂದೆ ಸುಳ್ಳು ಹೇಳಿ, ಅದು ಕೊಪ್ಪರಿಗೆಯಲ್ಲಿ ಕೂತವರಿಗೆ ತಟ್ಟಿದರೆ ಏನು ಗತಿ ಎಂದು ಹೆದರಿ, ಹೂಂ ಎಂದುಬಿಟ್ಟೆ. ಆಕೆ ಬೈಯಲಿಲ್ಲ. ಎಂಜಿನ್ನನ್ನು ಆಲೆಮನೆಯ ಹೊರಗೆ, ಕಬ್ಬಿನ ಸೋಗೆಯ ತಡಿಕೆಯ ಆಚೆ ಇಳಿಸಿ, ನಾನೂ ಅಲ್ಲೇ ಇರಬೇಕು ಎಂದರು. ವೈರು ತಡಿಕೆಯ ಅಡಿಯಿಂದ ಒಳಗೆ ಹೋಯಿತು. ನನಗೆ ಸೋಗೆ ಬಿಟ್ಟು ಇನ್ನೇನೂ ಕಾಣಿಸುತ್ತಿರಲಿಲ್ಲ.

ಅವರು ಬಾವಿಯಲ್ಲಿ ಮಿಂದು ಬಂದು ಬೂಟು, ಗ್ಲೌಸು, ಎದೆಗೆ ಕಟ್ಟುವ ಚರ್ಮ ಎಲ್ಲವನ್ನೂ ನನ್ನ ಕಾಲ ಬಳಿ ಇಟ್ಟರು. ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬ್ಯಾಡ ಕಣ್ರೀ. ಮಿಷನ್ ಮಾರ್ದೋನು ಏನೇಳ್ದ? ತಣ್ಣಿ ಅಂದ್ನೋ ಇಲ್ವೋ?" ಎಂದೆ.

"ಅವನಿಗೇನ್ ಗೊತ್ತು ಮೀಸಲು ಗೀಸಲು. ಊರೋರ್ ಮುಂದೆ ಬೂಟ ಆಕ್ಕಂಡು ಇಳಿಯಕಾದದಾ?"

"ಒಂದ್ ಮರದ ಅಲಗೆನಾರ ಆಕ್ಕಂಡು ಅದರ ಮ್ಯಾಲೆ ಕುಂತ್ಕಳಿ."

"ಅಲಗೆ ಆಕುದ್ರೆ ಬಿರುಕು ಕಾಣಕಿಲ್ಲ. ನಮ್ಮನೆ ಕರೆಂಟು ಕಣಮ್ಮೀ, ಸುಮ್ನಿರು. ನಾ ಕೂಗೋಗಂಟ ಲಿವರ್ ಮುಟ್ಬ್ಯಾಡ." ಹೀಗೆಂದು ತಡಿಕೆ ಸುತ್ತಿಕೊಂಡು ಹೋದರು.

ನಾನು ಹ್ಯಾಂಡ್ಲು ತಿರುಗಿಸಿದೆ. ಎಂಜಿನ್ ಹಿಡಿಯಿತು. ಒಬ್ಬ ಮನುಷ್ಯ ಮೈಯೆಲ್ಲ ಒದ್ದೆ ಮಾಡಿಕೊಂಡು, ಬರಿಗಾಲಲ್ಲಿ, ಬರಿಗೈಯಲ್ಲಿ ಕಬ್ಬಿಣದ ಬಟ್ಟಲೊಳಗೆ ಕೂತಿದ್ದಾನೆ. ಒಂದು ವೈರು ಆ ಬಟ್ಟಲಿನ ಅಂಚನ್ನೇ ಕಚ್ಚಿಕೊಂಡಿದೆ, ಇನ್ನೊಂದು ಅವನ ಕೈಯಲ್ಲಿದೆ. ಆ ಎರಡರ ನಡುವೆ ಇರುವುದು ಅವನ ಮೈ ಒಂದೇ. ಅದಕ್ಕೆ ಕರೆಂಟು ತುಂಬುತ್ತಿರುವವಳು ನಾನು. ಅವರ ಬೂಟುಗಳು ಖಾಲಿಯಾಗಿ ನನ್ನ ಪಕ್ಕದಲ್ಲಿ ನಿಂತಿದ್ದವು. ಅವುಗಳ ಕಡೆ ನೋಡಬಾರದೆಂದು ಸೋಗೆಯನ್ನೇ ನೋಡಿದೆ. ಎಡಗೈಯನ್ನು ಲಿವರಿನ ಮೇಲಿಟ್ಟೆ. ಬಲಗೈ ತನ್ನಷ್ಟಕ್ಕೆ ಒತ್ತತೊಡಗಿತು.

ದನಿ ದಪ್ಪಗಾಯಿತು. ಕಬ್ಬಿಣ ಸುಡುವ ವಾಸನೆಯ ಜೊತೆ ಸುಟ್ಟ ಹಳೆಯ ಬೆಲ್ಲದ ವಾಸನೆಯೂ ಬಂತು. ದನಿ ಹಗುರಾಯಿತು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಮತ್ತೆ ದಪ್ಪ. ಉಸಿರು ಬಿಟ್ಟೆ. ಹೀಗೆ ನಾಲ್ಕು ರಾಡು ಆಯಿತು. ಐದನೆಯ ರಾಡಿನ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅವರ ಪಂಚೆಯ ನೀರು ಒಣಗಿದ್ದರೆ ಬೆವರು ಇಳಿಯುತ್ತಿರುತ್ತದೆ, ಅದೂ ತಣ್ಣಿಯೇ ಅಲ್ಲವೇ ಎಂದು ಯೋಚಿಸುತ್ತಿದ್ದೆ.

ದನಿ ಹಗುರಾಯಿತು. ಒಂದು. ಎರಡು. ಮೂರು. ನಾಲ್ಕು. ಐದು. ಆರು.

ಏಳು.

ಅಷ್ಟರಲ್ಲಿ ಒಳಗಿನಿಂದ ಗುಂಪಾಗಿ ಕೂಗು ಎದ್ದಿತು. "ಉಘೇ! ಉಘೇ ಮಾದಪ್ಪ!"

ಕೆಲಸ ಮುಗಿಯಿತು ಎಂದುಕೊಂಡೆ ನಾನು. ದೇವರೇ, ಮುಗಿಯಿತು, ಅದಕ್ಕೇ ಕೂಗುತ್ತಿದ್ದಾರೆ! ಮೈಯಲ್ಲಿದ್ದ ಬಿಗಿಯೆಲ್ಲ ಸಡಿಲಾಗಿ ಲಿವರಿನಿಂದ ಕೈ ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡೆ. ಆ ಗಳಿಗೆಯನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಎಂಟು, ಎಂದಿತು ಬಲಗೈ. ಒಳಗೆ ಇನ್ನೊಬ್ಬ ಕೂಗಿದ. "ಅಚಾರಪ್ಪುನ್ ಮಯ್ಮ್ಯಾಲೆ ಬಂದದೆ ಕಣ್ರಪ್ಪೋ! ಎಂಗ್ ನಡುಗ್ತಾ ಅವ್ನೆ ನೋಡ್ರಿ!"

ನನ್ನ ಗಂಡನ ಮೈಮೇಲೆ ದೇವರು! ಮಾದಪ್ಪನಿಗೆ ಅಡ್ಡಬಿದ್ದು ಎದ್ದರೆ ಬೀಡಿ ಹುಡುಕುವ ಮನುಷ್ಯ. ಅತ್ತೆಯ ಮೈಮೇಲೆ ಬಂದಾಗ ಕುಲುಮೆಯ ಹಿಂದೆ ಹೋಗಿ ನಗುತ್ತಿದ್ದ ಮನುಷ್ಯ. ಮೈಮೇಲೆ ಬಂದದ್ದು ಏನೆಂದು ನನಗೆ ತಿಳಿಯಿತು. ಅವರು ಕೂಗಿರಲಿಲ್ಲ, ಕೂಗುವವರೆಗೂ ಮುಟ್ಟಬೇಡ ಎಂದಿದ್ದರು, ಮುಟ್ಟಿದರೆ ಊರ ಮುಂದೆ ಮತ್ತೆ ಮಾನ ಹೋಗುತ್ತದೆ. ಹತ್ತರವರೆಗೆ ಕಾಯಲಿಲ್ಲ. ಎರಡೂ ಕೈಯಿಂದ ಲಿವರ್ ಎಳೆದೆ.

ಎಂಜಿನ್ ಕೆಮ್ಮಿತು. ಗಾಲಿ ತಿರುಗುತ್ತಲೇ ಇತ್ತು. ನಿಲ್ಲು, ನಿಲ್ಲು ಮುಂಡೇದೇ ಎಂದು ನಾನು ಅರಚುತ್ತಿದ್ದೆ. ಒಂದು ತಿದಿ. ಕೈಯಿಂದ ಹಿಡಿದು ನಿಲ್ಲಿಸಿಬಿಡಬೇಕೆನ್ನಿಸಿತು. ಎರಡು. ಹಿಡಿದಿದ್ದರೆ ಕೈ ಹೋಗುತ್ತಿತ್ತು. ಮೂರು. ಒಳಗೆ ಉಘೇ ಎನ್ನುವುದು ನಿಂತಿರಲಿಲ್ಲ. ನಾಲ್ಕು.

ತಡಿಕೆಯನ್ನು ಸುತ್ತಿ ಹೋಗಲಿಲ್ಲ, ಅದನ್ನೇ ನೂಕಿಕೊಂಡು ಒಳಗೆ ನುಗ್ಗಿದೆ. "ಬರಬ್ಯಾಡ, ಒರಗಾದೋಳು ಬರಬ್ಯಾಡ!" ಎಂದು ಯಾರೋ ಕೂಗಿದರು. ಯಾರನ್ನು ತಳ್ಳಿದೆನೋ ಗೊತ್ತಿಲ್ಲ. ಆಳುಗಳು ಕೊಪ್ಪರಿಗೆಯ ಸುತ್ತ ಕೈಮುಗಿದು ನಿಂತಿದ್ದರು. ದೇವರು ಬಂದ ಮೈಯನ್ನು ಮುಟ್ಟಬಾರದೆಂದು ಒಬ್ಬನೂ ಮುಟ್ಟಿರಲಿಲ್ಲ. ಮುಟ್ಟಿದ್ದರೆ ಅವನೂ ಅಂಟಿಕೊಳ್ಳುತ್ತಿದ್ದ, ಅದೂ ನಿಜ. ನನ್ನ ಗಂಡ ಕೊಪ್ಪರಿಗೆಯ ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಹೊಸ ರಾಡು ಇನ್ನೂ ಮುಷ್ಟಿಯಲ್ಲಿತ್ತು. ಹಲ್ಲು ಕಚ್ಚಿಕೊಂಡಿತ್ತು, ತುಟಿ ನೀಲಿ.

ಕೊಪ್ಪರಿಗೆಗೆ ಇಳಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅಂಗೈಯಲ್ಲಿ ರಾಡಿನ ಅಗಲಕ್ಕೆ ಚರ್ಮ ಬೆಳ್ಳಗೆ ಬೆಂದಿತ್ತು. ಎದೆಗೆ ಕಿವಿಯಿಟ್ಟೆ. ನನ್ನ ಎದೆಯ ಸದ್ದೇ ದೊಡ್ಡದಾಗಿ, ಅವರದು ಕೇಳಿಸುತ್ತದೋ ಇಲ್ಲವೋ ತಿಳಿಯಲಿಲ್ಲ. ಎಷ್ಟು ತಿದಿಯೋ, ಆಗ ಮಾತ್ರ ಲೆಕ್ಕ ತಪ್ಪಿತು. ಕೊನೆಗೆ ಅವರು ನೀರಿನಲ್ಲಿ ಮುಳುಗಿ ಎದ್ದವರ ಹಾಗೆ ಒಂದು ಉಸಿರೆಳೆದರು. ಇನ್ನೊಂದು. ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಯಾಕ್ಲೇ ನಿಲ್ಸ್ದೆ?" ಎಂದರು.

ನಾನು ಗೋಳೋ ಎಂದು ಅತ್ತುಬಿಟ್ಟೆ. ಆಮೇಲೆ ಅವರು ತಮ್ಮ ಅಂಗೈ ನೋಡಿಕೊಂಡರು. ಬಹಳ ಹೊತ್ತು ನೋಡಿದರು.

ಅವರನ್ನು ಎತ್ತಿ ತಂದು ಬೇವಿನ ಮರದ ನೆರಳಲ್ಲಿ ಮಲಗಿಸಿದರು. ಮುಟ್ಟಾದವಳು ಮೀಸಲು ಕೊಪ್ಪರಿಗೆಗೆ ಇಳಿದಿದ್ದಳು. ಯಜಮಾನಿ ಅವ್ವ ಕೋಲೂರಿಕೊಂಡು ಬಂದು ಅವರ ಅಂಗೈಯನ್ನು ಬಗ್ಗಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನನ್ನನ್ನು ಶಪಿಸುತ್ತಾರೆ ಎಂದು ಕಾದೆ. ಆಕೆ ತಿರುಗಿ ಹೋಗಿ ತಡಿಕೆಯ ಸೋಗೆಯನ್ನು ತಮ್ಮ ಕೈಯಾರೆ ಕಿತ್ತು ಎಸೆಯತೊಡಗಿದರು. ಆಳೊಬ್ಬ ತಡೆಯಲು ಬಂದ.

"ಮಾದಪ್ಪನಿಗೆ ನಾನ್ ಏಳ್ಕತೀನಿ. ಇವಳು ಅವನ್ನ ನೋಡ್ತಾ ನಿಂತ್ಕಳ್ಲಿ" ಎಂದರು.

ಪೀಪಾಯಿಗಳಲ್ಲಿದ್ದ ಕಬ್ಬಿನ ಹಾಲು ಹುಳಿಯಾಗುವುದರಲ್ಲಿತ್ತು. ಹೊತ್ತು ಇಳಿಯುವ ಮುಂಚೆ ನನ್ನ ಗಂಡ ಎದ್ದು ಕೂತು, ಇನ್ನೂ ಎರಡು ಗೇಣು ಬಿರುಕು ಉಳಿದಿದೆ ಎಂದರು. ಬೇಡ ಎಂದು ನಾನು ಹೇಳಲಿಲ್ಲ. ಹೇಳಿದರೆ ಕೇಳುವವರೂ ಅಲ್ಲ. ಆದರೆ ಆ ದಿನ ಮೊದಲ ಸಲ ನಾನು ಹೇಳಿದ ಹಾಗೆ ಅವರು ಕೇಳಿದರು. ಕೊಪ್ಪರಿಗೆಯನ್ನು ಒಣಬಟ್ಟೆಯಿಂದ ಒರೆಸಿ, ಒಣಗಿದ ಕಬ್ಬಿನ ಸಿಪ್ಪೆ ಹಾಸಿ, ಅದರ ಮೇಲೆ ಹಲಗೆ ಇಟ್ಟೆವು. ಬಿರುಕಿನ ಪಕ್ಕದಲ್ಲಿ ಮಾತ್ರ ಒಂದು ಗೇಣು ಬಿಟ್ಟೆವು. ಒಣ ಪಂಚೆ ಉಟ್ಟರು. ಬೂಟನ್ನು ನಾನೇ ಒಳಗೆ ತಂದು ಕಾಲಿಗೆ ತೊಡಿಸಿದೆ. ಅವ್ವ ಬೇರೆ ಕಡೆ ಮುಖ ಮಾಡಿಕೊಂಡು ನಿಂತಿದ್ದರು. ಬೆಂದ ಕೈಗೆ ಬಟ್ಟೆ ಸುತ್ತಿ ಗ್ಲೌಸು ಹಾಕುವಾಗ ಅದು ಒಣಗಿದೆಯೇ ಎಂದು ಅವರು ಎರಡು ಸಲ ಕೇಳಿದರು. ಅಷ್ಟು ವರ್ಷದಲ್ಲಿ ಅವರು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ನಿನಗೆ ಎದರ್ಕೆ ಆಯ್ತಾ, ನಿಲ್ಸ್‌ಬುಡು. ನನ್ನ ಕೇಳ್ಬ್ಯಾಡ" ಎಂದರು.

"ರಾಡು ಬದಲಾಯ್ಸುವಾಗೆಲ್ಲ ಒಂದ್ ಮಾತಾಡಿ. ಸುಮ್ನಿದ್ರೆ ಎಳೆದ್ಬುಡ್ತೀನಿ" ಎಂದೆ.

ಎಂಜಿನ್ ಹತ್ತಿರ ಬಂದು ಹ್ಯಾಂಡ್ಲು ಹಿಡಿದರೆ ತಿರುಗಿಸಲು ಕೈ ಏಳಲಿಲ್ಲ. ನಿಲ್ಲಿಸುವಾಗ ಇದ್ದ ಭಯ ಇದರ ಮುಂದೆ ಏನೂ ಅಲ್ಲ. ಒಮ್ಮೆ ಹಾಗೆ ಬಿದ್ದಿದ್ದವರಿಗೆ ನಾನೇ ಮತ್ತೆ ಕರೆಂಟು ಕೊಡಬೇಕಿತ್ತು. ಅವರು ಕೊಪ್ಪರಿಗೆಯೊಳಗಿಂದ ನನ್ನನ್ನೇ ನೋಡುತ್ತಿದ್ದರು. ಮೂರನೆಯ ಸಲಕ್ಕೆ ತಿರುಗಿಸಿದೆ.

ರಾಡು ಮುಗಿದು ದನಿ ಹಗುರಾಯಿತು. "ಇವ್ನಿ" ಎಂದರು ಅವರು, ಇದ್ದೀನಿ ಎಂಬ ಅರ್ಥದಲ್ಲಿ. ಹೊಸ ರಾಡು. ಮತ್ತೆ ಹಗುರ. "ಇವ್ನಿ." ಸಂಜೆಗೆ ಹಾಲು ಒಲೆ ಏರಿತು. ಅಚಾರಪ್ಪನ ಮೈಮೇಲೆ ಮಾದಪ್ಪ ಬಂದಿದ್ದ ಎಂದು ಆ ಊರಿನಲ್ಲಿ ಆಮೇಲೂ ಹೇಳುತ್ತಿದ್ದರು. ಬಂದಿದ್ದರೆ ತಡಿಕೆಯ ಈಚೆ, ನಾನಿದ್ದ ಕಡೆಗೆ ಬಂದಿರಬೇಕು.

ಹೊಸ ಸ್ವಿಚ್ಚು ಆ ವಾರವೇ ಬಂತು. ಆದರೂ ಇವ್ನಿ ಎನ್ನುವುದು ನಿಲ್ಲಲಿಲ್ಲ. ಎಂಜಿನ್ ಮಾರಿದ ಮೇಲೂ ಬಚ್ಚಲಲ್ಲಿ ತಡವಾದರೆ, ಹಿತ್ತಲಲ್ಲಿ ಸದ್ದಿಲ್ಲದೆ ಕೂತರೆ, ನಾನು ಕರೆಯುವ ಮುಂಚೆಯೇ ಅವರ ದನಿ ಬರುತ್ತಿತ್ತು. ನನ್ನ ಪುಕ್ಕಲುತನವನ್ನು ಅವರು ಮತ್ತೆಂದೂ ಆಡಿಕೊಳ್ಳಲಿಲ್ಲ.

ಬಹಳ ವರ್ಷದ ಮೇಲೆ, ಒಂದು ಮಧ್ಯಾಹ್ನ, ಅವರು ಜ್ವರದಲ್ಲಿ ಮಲಗಿದ್ದರು. ಕಣ್ಣುಗಳು ಮುಚ್ಚಿದ್ದವು. ನಾನು ಹಾಸಿಗೆಯ ಪಕ್ಕದಲ್ಲಿ ಕೂತು ಅವರ ಅಂಗೈಯ ಹಳೆಯ ಕಲೆಯನ್ನು ಸವರುತ್ತಿದ್ದೆ. "ಇವ್ನಿ" ಎಂದರು. ಬಲಗೈ ಎಣಿಸತೊಡಗಿತು. ಆರು ಆಯಿತು. ಹತ್ತು ಆಯಿತು. ಹನ್ನೊಂದು, ಹನ್ನೆರಡು. ಎಳೆಯುವುದಕ್ಕೆ ನನ್ನ ಕೈಯ ಹತ್ತಿರ ಯಾವ ಲಿವರೂ ಇರಲಿಲ್ಲ.